ಗಾರೆ ಪಟ್ಟಿ ಕಾದ ಗುಡ್ರುನ್ ಎಪ್ಪೆಲ್

ರೈನ್‌ಹೆಸೆನ್ ದ್ರಾಕ್ಷಿ ಸೀಮೆಯ ಹಳೆಯ ಚರ್ಚುಗಳ ರಕ್ಷಣೆಗೆ ಆಯುಷ್ಯ ಸವೆಸಿದವರಲ್ಲಿ ಶ್ರೀಮತಿ ಗುಡ್ರುನ್ ಎಪ್ಪೆಲ್ ಅವರದು ಎದ್ದು ಕಾಣುವ ಹೆಸರು. ಧೈರ್ಯವಂತರನ್ನು ಅಭಿನಂದಿಸುವುದು ಲೋಕರೂಢಿ. ನಾನು ಅವರ ಹೆದರಿಕೆಯನ್ನು ಅಭಿನಂದಿಸಲು ಹೊರಟಿದ್ದೇನೆ; ಅವರ ಕೈಕೆಳಗೆ ಕಲ್ಲುಕೆಲಸ ಕಲಿತ ನನಗೆ ಅವರಿಂದ ಬಂದ ಆಸ್ತಿ ಅದೇ.

ನಾನು ಕೆಲಸಕ್ಕೆ ಸೇರಿದ ದಿನ ಅವರು ಲೋರೆನ್‌ಬಾಖ್ ಊರಿನ ಸಂತ ಕಿಲಿಯಾನರ ಚರ್ಚಿನಲ್ಲಿ, ಉತ್ತರದ ಗೋಡೆಯ ಬಿರುಕಿಗೆ ಅಡ್ಡಲಾಗಿ ಗಾರೆಯ ಪಟ್ಟಿ ಮೆತ್ತುತ್ತಿದ್ದರು. ಗೋಡೆ ಅಲುಗಿದರೆ ಮೊದಲು ಒಡೆಯುವುದು ಈ ಪಟ್ಟಿ. ನನ್ನ ಬರಿಗೈ ಚಳಿಗೆ ಮರಗಟ್ಟಿದ್ದನ್ನು ಕಂಡು ತಮ್ಮ ಕೈಗವಸು ಬಿಚ್ಚಿಕೊಟ್ಟರು. "ಬಿರುಕು ನೋಡಿ ಹೆದರದೋರು ಈ ಕೆಲಸಕ್ಕೆ ಬರಬಾರದು ಕಣಪ್ಪ" ಎಂದರು.

ಅದೇ ವಾರದ ಕೊನೆಗೆ, ಸುಗ್ಗಿ ಪ್ರಾರ್ಥನೆಯ ಹಿಂದಿನ ದಿನ, ಆ ಪಟ್ಟಿ ಎರಡಾಗಿ ಸೀಳಿತ್ತು. ಬೆಳಗಾದರೆ ಅದೇ ಗೋಡೆಯಡಿ ಮಕ್ಕಳು ಹಾಡಬೇಕಿತ್ತು. ಗುಡ್ರುನ್ ಅವರು ಚರ್ಚಿಗೆ ಬೀಗ ಜಡಿದರು. ಬೀಗ ಬಿದ್ದಿದೆಯೇ ಎಂದು ಮೂರು ಸಲ ಎಳೆದು ನೋಡಿದರು. ಚರ್ಚಿನ ಮಂಡಳಿಯ ಅಧ್ಯಕ್ಷರೂ ಚರ್ಚಿನ ಉತ್ತರಕ್ಕೆ ತಾಗಿದ ಮನೆಯಲ್ಲೇ ವೈನ್ ಮಾಡುವವರೂ ಆದ ಫೋಲ್ಕರ್ ಬಾಲ್ಬಾಖ್ ಓಡಿಬಂದರು.

"ಏನಮ್ಮಾ ಗುಡ್ರುನ್, ಏಳುನೂರು ವರ್ಷದಿಂದ ನಿಂತಿರೋದು, ನಾಳೇನೇ ಬಿದ್ದುಹೋಗುತ್ತಾ?"

"ಚರ್ಚು ಏಳುನೂರು ವರ್ಷದ್ದು ಫೋಲ್ಕರಣ್ಣ. ಪಟ್ಟಿ ಮೊನ್ನೆ ಸೋಮವಾರದ್ದು, ಆಗಲೇ ಒಡೆದಿದೆ."

"ಊರೋರು ನಗ್ತಾರೆ."

"ನಗಲಿ. ನಿಮ್ಮ ಮೊಮ್ಮಗಳು ಯೂಲಿಯಾನೆ ಮೊದಲನೇ ಸಾಲಲ್ಲಿ ತಾನೆ ನಿಲ್ಲೋದು? ನಿಮ್ಮ ನೆಲಮಾಳಿಗೆ ಎಲ್ಲೀವರೆಗೆ ಹೋಗಿದೆ, ನಿಜ ಹೇಳಿ."

ಫೋಲ್ಕರ್ ದೀಪ ಹಚ್ಚಿಕೊಂಡರು. ಇಲ್ಲಿ ನೆಲಮಾಳಿಗೆ ಕೊರೆಯದ ಮನೆಯಿಲ್ಲ. ಅಜ್ಜ ಅಗೆದಲ್ಲಿಂದ ಮೊಮ್ಮಗ ಮುಂದುವರಿಸುತ್ತಾನೆ, ಮೇಲೇನಿದೆ ಎಂದು ಯಾರೂ ಯೋಚಿಸುವುದಿಲ್ಲ. ಪೀಪಾಯಿಗಳಿಗೆ ಜಾಗ ಸಾಲದೆ ಅವರೂ ಅಗೆದಿದ್ದರು. ನಮ್ಮಿಬ್ಬರನ್ನೂ ಕೆಳಗೆ ಕರೆದೊಯ್ದರು. ದೀಪದ ಬೆಳಕಿನಲ್ಲಿ ಪೀಪಾಯಿಗಳ ಮೇಲೆ ಮಣ್ಣು ಸಣ್ಣಗೆ ಉದುರುತ್ತಿತ್ತು. ನಮ್ಮ ನೆತ್ತಿಯ ಮೇಲೆ ಚರ್ಚಿನ ಇಡೀ ಉತ್ತರದ ಗೋಡೆ ನಿಂತಿದೆಯೆಂದು ಹೊಳೆದೊಡನೆ ನಾನು ಮೆಟ್ಟಿಲಿನ ಕಡೆ ಸರಿದೆ. ಗುಡ್ರುನ್ ಅವರು ನನ್ನನ್ನು ಮೊದಲು ಮೇಲಕ್ಕೆ ಕಳಿಸಿ, ಆಮೇಲೆ ಫೋಲ್ಕರ್ ಅವರನ್ನು ಕಳಿಸಿ, ತಾವು ಕೊನೆಗೆ ಹತ್ತಿದರು.

ಪ್ರಾರ್ಥನೆ ದ್ರಾಕ್ಷಿ ಗಾಣದ ಅಂಗಳದಲ್ಲಿ ನಡೆಯಿತು. ಗೋಡೆಗೆ ಮರದ ತೊಲೆಗಳ ಆಸರೆ ಕೊಟ್ಟರು, ನೆಲಮಾಳಿಗೆ ಮುಚ್ಚಿದರು, ಚರ್ಚು ಬೀಳಲಿಲ್ಲ. ಬಿದ್ದಿದ್ದರೆ ಹೊಗಳುತ್ತಿದ್ದರು; ಬೀಳದ್ದರಿಂದ ಊರವರು ಅವರನ್ನು 'ಪುಕ್ಕಲಿ ಗುಡ್ರುನ್' ಎಂದು ಆಡಿಕೊಂಡರು. ನನಗೆ ಇಂದಿಗೂ ಅದರ ಸಿಟ್ಟು ಆರಿಲ್ಲ. ಫೋಲ್ಕರ್ ಮಾತ್ರ ಒಮ್ಮೆಯೂ ನಗಲಿಲ್ಲ. ತಾವು ಬದುಕಿರುವವರೆಗೆ ಪ್ರತಿ ವರ್ಷ ಹೊಸ ವೈನಿನ ಮೊದಲ ಬಾಟಲಿಯನ್ನು ಗುಡ್ರುನ್ ಅವರ ಬಾಗಿಲಿಗೆ ಮುಟ್ಟಿಸಿದರು. ಅಲ್ಲಿಂದಾಚೆ ಈ ಸೀಮೆಯ ಎಷ್ಟೋ ಗೋಪುರ, ಎಷ್ಟೋ ಮಠದ ಗೋಡೆಗಳು ಗುಡ್ರುನ್ ಅವರ ಹೆದರಿಕೆಯ ನೆರಳಿನಲ್ಲಿ ಉಳಿದುಕೊಂಡವು.

ಅವರ ನಿವೃತ್ತಿಯ ಈ ಸಮಾರಂಭ ಸಂತ ಕಿಲಿಯಾನರ ಚರ್ಚಿನಲ್ಲೇ ಆಗಬೇಕೆಂದು ನಿಶ್ಚಯವಾಗಿತ್ತು. ನಿನ್ನೆ ಕುರ್ಚಿ ಹಾಕಿಸಲು ಹೋದವನು, ಉತ್ತರದ ಗೋಡೆಗೆ ಅವರು ಕಡೆಯದಾಗಿ ಮೆತ್ತಿದ ಪಟ್ಟಿಯಲ್ಲಿ ಕೂದಲೆಳೆಯಷ್ಟು ಗೀರು ಕಂಡೆ. ಹಾಕಿದ್ದ ಕುರ್ಚಿಗಳನ್ನು ಹೊರಕ್ಕೆ ಸಾಗಿಸತೊಡಗಿದೆ. ಫೋಲ್ಕರ್ ಅವರ ಮೊಮ್ಮಗಳು, ಇಂದು ಮಂಡಳಿಯ ಅಧ್ಯಕ್ಷೆಯಾಗಿರುವ ಯೂಲಿಯಾನೆ ನನ್ನ ಮುಖ ನೋಡಿದರು. ಏನನ್ನೂ ಕೇಳದೆ ಚರ್ಚಿನ ಬೀಗದ ಕೈ ನನ್ನ ಕೈಗಿಟ್ಟರು.

ಶ್ರೀಮತಿ ಎಪ್ಪೆಲ್ ಅವರು ನೂರ್ಕಾಲ ಬಾಳಲಿ, ಹೆದರುವುದನ್ನು ಇನ್ನಷ್ಟು ಜನಕ್ಕೆ ಕಲಿಸಲಿ. ಆದ್ದರಿಂದ ಸಮಾರಂಭ ದ್ರಾಕ್ಷಿ ಗಾಣದ ಅಂಗಳದಲ್ಲಿ ನಡೆಯುತ್ತದೆ. ಬರುವವರು ದಯವಿಟ್ಟು ಉತ್ತರದ ಗೋಡೆಯ ಕಡೆ ಸುಳಿಯಬೇಡಿ.