ಫಾಸ್ಟ್ ರೈಲು

ರಾಮನಗರದ ಶಾಲೆಯಲ್ಲಿ ಎರಡು ವರ್ಷ ಇಂಗ್ಲಿಷ್ ಓದಿ ಬಿಟ್ಟ ಮೇಲೆ ನಾನು ಕೈಲಾಂಚದಲ್ಲಿ ಅವ್ವನ ಜೊತೆ ರೇಷ್ಮೆಹುಳು ಸಾಕಿಕೊಂಡಿದ್ದೆ. ಊರಿಗೆ ಇಂಗ್ಲಿಷ್ ಕಾಗದ ಬಂದರೆ ಓದಿ ಹೇಳುವವನು ನಾನೇ. ಒಂದು ಬೆಳಗ್ಗೆ ಅಂಚೆಯವನು ತಂತಿ ತಂದ. ಬೆಂಗಳೂರಿನಲ್ಲಿದ್ದ ಅಕ್ಕ ಎರಡನೆಯ ಹೆರಿಗೆಗೆ ಆಸ್ಪತ್ರೆ ಸೇರಿದ್ದಳು. ತಂತಿ ಭಾವನದು: "ವೈಫ್ ವೆರಿ ಇಲ್. ಕಮ್ ಫಾಸ್ಟ್ ಟ್ರೇನ್."

ಮೊದಲ ಮಾತು ತಿಳಿಯಿತು. ಎರಡನೆಯದರಲ್ಲಿ ಸಿಕ್ಕಿಕೊಂಡೆ. ಫಾಸ್ಟ್ ಎಂದರೆ ಉಪವಾಸ ಎಂದು ಮೇಷ್ಟ್ರು ಶಿವರಾತ್ರಿಯ ಹಿಂದಿನ ದಿನ ಬರೆಸಿದ್ದರು. ಬೇರೆ ಅರ್ಥ ನನಗೆ ಗೊತ್ತಿರಲಿಲ್ಲ.

"ಅಕ್ಕಂಗೆ ಹುಷಾರಿಲ್ವಂತೆ. ಉಪವಾಸ ಇದ್ದು ರೈಲಲ್ಲಿ ಬನ್ನಿ ಅಂದವ್ರೆ" ಎಂದೆ.

ಅವ್ವ ಕುಡಿಯುತ್ತಿದ್ದ ಅಂಬಲಿಯನ್ನು ಕೆಳಗಿಟ್ಟಳು. "ಉಪವಾಸ ಬನ್ನಿ ಅಂತ ಸಾವಿನ ಮನೆಗಲ್ವೇನ್ಲಾ ಕರೆಯೋದು? ಮುಗ್ದೋಗೈತೆ ಕಣೋ. ನಮ್ಮೆದೆ ಒಡೆದೋಯ್ತದೆ ಅಂತ ಮುಚ್ಚಿಟ್ಟವ್ರೆ."

ನಾನು ತಂತಿಯನ್ನು ಜೇಬಿಗಿಟ್ಟುಕೊಂಡು ಅವಳ ಜೊತೆ ಹೊರಟೆ. ರಾಮನಗರದ ಸ್ಟೇಷನ್ನಿನವರೆಗೂ ಅವ್ವ ಬಿರಬಿರನೆ ನಡೆದಳು. ದಾರಿಯಲ್ಲಿ ಬಾವಿ ಕಂಡರೂ ನೀರು ಮುಟ್ಟಲಿಲ್ಲ.

ಸ್ಟೇಷನ್ನಿನಲ್ಲಿ ಬೆಂಗಳೂರಿನ ಗಾಡಿ ಹೊರಡಲು ನಿಂತಿತ್ತು. ಅವ್ವ ಹತ್ತಲು ಓಡಿದಳು. ನಾನು ಓದಿದ್ದು ಸರಿಯೇ ಎಂದು ಕೇಳಲು ತಂತಿಯನ್ನು ಸ್ಟೇಷನ್ ಮಾಸ್ತರರ ಮುಂದೆ ಹಿಡಿದೆ.

"ಈ ಗಾಡಿ ಬೇಡ" ಎಂದರು ಅವರು. "ಇದು ಊರೂರಿಗೂ ನಿಲ್ಲುತ್ತೆ. ಫಾಸ್ಟ್ ಅಂದರೆ ಜೋರಾಗಿ ಓಡುವ ಗಾಡಿ. ಇನ್ನರ್ಧ ಗಂಟೆಗೆ ಬರುತ್ತೆ, ಇದಕ್ಕಿಂತ ಮುಂಚೆ ಬೆಂಗಳೂರು ಸೇರುತ್ತೆ."

"ಹಂಗಾದ್ರೆ ಉಪವಾಸ ಅಂತಲ್ವಾ ಸ್ವಾಮಿ?"

"ಅಲ್ಲಪ್ಪ. ಬೇಗ ಬನ್ನಿ ಅಂತ ಕರೆದಿದ್ದಾರೆ, ಅಷ್ಟೆ."

ಅವ್ವ ಮೆಟ್ಟಿಲ ಮೇಲೆ ಕಾಲಿಟ್ಟಾಗಿತ್ತು. "ಇಳಿಯವ್ವಾ, ಅಕ್ಕ ಬದುಕವ್ಳೆ! ನಾನೇ ತಪ್ಪು ಓದ್ಬುಟ್ಟೆ" ಎಂದು ಕೂಗಿದೆ.

"ಕಣ್ಮುಂದಿರೋ ಗಾಡಿ ಬುಟ್ಟು ಇನ್ನೂ ಬರದೇ ಇರೋದ್ನ ಕಾಯಬೇಕಾ? ಆಗ್ಲೂ ನೀನೇ ಓದ್ದೆ, ಈಗ್ಲೂ ನೀನೇ ಹೇಳ್ತೀಯ."

ಆದರೂ ಇಳಿದಳು. ಗಾಡಿ ಹೋಯಿತು. ಆ ಅರ್ಧ ಗಂಟೆ ಅವಳು ಹಳಿಯನ್ನು ನೋಡುತ್ತ ಕುಳಿತಳು. ನಾನು ಅವಳ ಮುಖ ನೋಡಲಾರದೆ ನಿಂತೆ. ಮಾಸ್ತರರ ಮಾತೂ ಸುಳ್ಳಾದರೆ? ಕೊನೆಗೆ ಫಾಸ್ಟ್ ಗಾಡಿ ಬಂತು. ಬಿಡದಿಯಲ್ಲಿ ಮೊದಲಿನ ಗಾಡಿ ನಮ್ಮದಕ್ಕೆ ದಾರಿ ಬಿಟ್ಟು ಪಕ್ಕದ ಹಳಿಯಲ್ಲಿ ನಿಂತಿದ್ದು ಕಂಡಾಗ ಅವ್ವ ನನ್ನ ಮೊಣಕೈ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಅಕ್ಕನಿಗೆ ಮೈ ಸುಡುವ ಜ್ವರ. ಮಗು ಉಳಿದಿರಲಿಲ್ಲ. ಅವ್ವನನ್ನು ಕಂಡು ಅಕ್ಕ ಅತ್ತಳು, ಅತ್ತದ್ದು ಅದೇ ಮೊದಲು ಎಂದರು ಭಾವ. ಅಲ್ಲಿಯವರೆಗೆ ಗೋಡೆಯ ಕಡೆ ತಿರುಗಿ ಮಲಗಿದ್ದಳಂತೆ. ಜ್ವರ ಇಳಿಯಲು ಒಂಬತ್ತು ದಿನ ಹಿಡಿಯಿತು. ಅಷ್ಟು ದಿನವೂ ಅವ್ವ ಅವಳ ಮಂಚದ ಕೆಳಗೇ ಚಾಪೆ ಹಾಸಿಕೊಂಡಳು.