ಬಾಯಿ ಬಿಡಿಸುತ್ತಿದ್ದ ಡಾಕ್ಟರು

ಕೊನೆಕೊನೆಗೆ ಡಾಕ್ಟರ ಬಲಗೈ ಊದಿ, ಬಳೆ ಮಣಿಕಟ್ಟನ್ನು ಕಚ್ಚಿಕೊಂಡಿತ್ತು. ಎದೆಯ ಕ್ಯಾನ್ಸರಿನಿಂದ ಸತ್ತರು ಎಂದು ದುಬೈಯಲ್ಲಿ ಎಲ್ಲರೂ ಹೇಳಿದರು. ನಾನು ಹಾಗೆ ಹೇಳುವುದಿಲ್ಲ. ಹೇಳಿಕೊಳ್ಳದೆ ಸತ್ತರು, ಅಷ್ಟೆ.

ಅವರು ಮನಸ್ಸಿನ ಡಾಕ್ಟರು. ಮಂಗಳೂರು ಕಡೆಯ ಹೆಂಗಸು, ಅಮೆರಿಕದಲ್ಲಿ ಓದಿದವರು. ಮೊದಲು ಬಿಳಿಯರು ಬರುವ ದೊಡ್ಡ ಕ್ಲಿನಿಕ್ಕಿನಲ್ಲಿದ್ದರು. ಅದನ್ನು ಬಿಟ್ಟು ಮುರಕ್ಕಬಾತ್ ಬಡಾವಣೆಯ ಒಂದು ಫ್ಲ್ಯಾಟಿನಲ್ಲಿ ಚಾಪೆ ಹಾಸಿ ಕೂತರು. ಅಲ್ಲಿಗೆ ಬರುತ್ತಿದ್ದವರು ನಮ್ಮಂಥ ಕಪ್ಪು, ಕಂದು ಹೆಂಗಸರು: ಮನೆಗೆಲಸದವರು, ನರ್ಸುಗಳು, ಸಲೂನಿನ ಹುಡುಗಿಯರು.

"ಇಂಥವರು ಅಲ್ಲಿಗೆ ಬಂದರೂ ಉಸಿರು ಎಳೆಯಲು ಕಲಿಸು ಅಂತಿದ್ರು ಅಮ್ಮಾ, ಆ ಕ್ಲಿನಿಕ್ಕಿನವರು. ಪಾಸ್‌ಪೋರ್ಟನ್ನು ಧಣಿ ಬೀಗ ಹಾಕಿ ಇಟ್ಟಿದ್ದಾನೆ, ಇವಳು ಉಸಿರು ಎಳೆದು ಎಂತ ಮಾಡುವುದು?" ಎನ್ನುತ್ತಿದ್ದರು. ಹೇಳಿ ಸುಮ್ಮನಿರುವವರಲ್ಲ. ಎಷ್ಟೋ ಸಲ ತಾವೇ ಧಣಿಯ ಮನೆಗೆ ಹೋಗಿ ಪಾಸ್‌ಪೋರ್ಟು ಕೇಳಿ ತಂದುಕೊಟ್ಟಿದ್ದರು.

ನಾನು ಹೋದದ್ದು ಮಗಳ ದೆಸೆಯಿಂದ. ಅವಳೂ ನರ್ಸ್. ಬಾಣಂತನಕ್ಕೆಂದು ನಾನು ಊರಿನಿಂದ ದುಬೈಯ ಡಿಸ್ಕವರಿ ಗಾರ್ಡನ್ಸಿನ ಅವಳ ಮನೆಗೆ ಬಂದಾಗ ಅವಳಿಗೆ ಮಾತೇ ಇರಲಿಲ್ಲ. ಮಗುವನ್ನು ನೋಡುತ್ತಿರಲಿಲ್ಲ. ಅಳಿಯ ಹೆದರಿ ಬಾಲ್ಕನಿಗೆ ಬೀಗ ಹಾಕಿದ್ದ. ನಾನು ಎಣ್ಣೆ ಹಚ್ಚಿದೆ, ಬಿಸಿನೀರು ಹೊಯ್ದೆ, ಹೊಟ್ಟೆ ಕಟ್ಟಿದೆ. ಕಣ್ಣೀರು ಬಂದರೆ, "ಬಾಣಂತಿ ಅಳಬಾರದು, ಕಣ್ಣು ಹಾಳಾಗ್ತದೆ" ಎಂದೆ. ಯಾವುದರಿಂದಲೂ ಏನೂ ಆಗದೆ ಅವಳನ್ನು ಆ ಫ್ಲ್ಯಾಟಿಗೆ ಕರೆದುಕೊಂಡು ಹೋದೆ.

ಡಾಕ್ಟರು ಅವಳನ್ನು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದರು.

"ಅಮ್ಮಾ, ನಿಮ್ಮ ಬಾಣಂತನದಲ್ಲಿ ನಿಮಗೆ ಅಳು ಬಂದಿತ್ತಾ?"

"ನನ್ನನ್ನು ಎಂತ ಕೇಳುವುದು ಡಾಕ್ಟ್ರೇ? ಕಾಯಿಲೆ ಅವಳಿಗೆ."

"ಅವಳಿಗೆ ಮಾತಾಡ್ಲಿಕ್ಕೆ ಆಗ್ತಾ ಇಲ್ಲ. ನಿಮ್ಮ ಬಾಯಿಗೆ ಏನೂ ಆಗಿಲ್ಲವಲ್ಲ."

ಸಿಟ್ಟು ಬಂತು. ಸಿಟ್ಟಿನಲ್ಲೇ ಹೇಳಿದೆ. ಇವಳು ಹುಟ್ಟಿದಾಗ ಹೆಣ್ಣೆಂದು ಅತ್ತೆ ಕೋಣೆಯೊಳಗೆ ಬರಲಿಲ್ಲ. ಒಂದು ಸಂಜೆ ನಾನು ಬಾವಿಯ ದಂಡೆಯಲ್ಲಿ ಕಾಲು ಒಳಗೆ ಇಳಿಬಿಟ್ಟು ಕೂತಿದ್ದೆ. ಇದನ್ನು ನಾನು ಗಂಡನಿಗೂ ಹೇಳಿರಲಿಲ್ಲ.

"ಅಮ್ಮಾ, ನೀನೂ?" ಎಂದಳು ಮಗಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು.

ಅವಳು ಸುಧಾರಿಸಿ ಡ್ಯೂಟಿಗೆ ಹೋಗತೊಡಗಿದಳು. ಮಗುವನ್ನು ನೋಡಿಕೊಳ್ಳಲು ನಾನು ಉಳಿದೆ. ಶುಕ್ರವಾರಗಳಲ್ಲಿ ಇಬ್ಬರೂ ಆ ಚಾಪೆಯ ಮೇಲೆ ಹೋಗಿ ಕೂರುತ್ತಿದ್ದೆವು. ಹೊಸಬರು ಬಂದರೆ ಡಾಕ್ಟರು ನನ್ನನ್ನು ತೋರಿಸುವರು: "ಇವರು ದೊಡ್ಡ ಡಾಕ್ಟರು. ಫೀಸಿಲ್ಲ, ಬಾಯಿಗೆ ಬ್ರೇಕೂ ಇಲ್ಲ."

ಅವರ ಕೈ ಊದಿದ್ದನ್ನು ನಾನು ಕೇಳದೆ ಬಿಡಲಿಲ್ಲ.

"ಸೊಳ್ಳೆ ಅಮ್ಮಾ."

"ಆನೆ ಗಾತ್ರದ ಸೊಳ್ಳೆಯಾ?"

ಎಲ್ಲರೂ ನಕ್ಕರು, ಅವರೂ ನಕ್ಕರು. ಅಲ್ಲಿಗೆ ಖಲಾಸ್.

ಎದೆಯಲ್ಲಿ ಗಂಟು ಕಂಡು ಬಹಳ ಕಾಲವಾಗಿತ್ತೆಂದು ಅವರು ಹೋದ ಮೇಲೆ ಅವರ ತಂಗಿ ಹೇಳಿದಳು. ಗೊತ್ತಾದರೆ ಈ ಹೆಂಗಸರು ತಮ್ಮ ಕಷ್ಟ ನುಂಗಿಕೊಂಡು ತನ್ನ ಸೇವೆಗೆ ನಿಲ್ಲುತ್ತಾರೆ ಎಂದು ಮುಚ್ಚಿಟ್ಟರಂತೆ. ಅಷ್ಟು ಓದಿದವರು, ಶುದ್ಧ ದಡ್ಡತನ. ನನಗೆ ಇಂದಿಗೂ ಅವರ ಮೇಲೆ ಸಿಟ್ಟಿದೆ. ಅವರ ಶವದ ಪೆಟ್ಟಿಗೆಯನ್ನು ಮಂಗಳೂರಿನ ವಿಮಾನಕ್ಕೆ ಹತ್ತಿಸಿದ ದಿನ ನಾನು ಊಟ ಮಾಡಲಿಲ್ಲ.

ಮರುದಿನ ಬೆಳಗ್ಗೆ ಮಗಳು ಶೂ ಹಾಕುತ್ತಿದ್ದಳು. "ನಿಲ್ಲು" ಎಂದೆ. "ನನಗೆ ಮುಟ್ಟು ನಿಂತು ವರ್ಷಗಳಾದವು. ಈಗ ಮತ್ತೆ ರಕ್ತ ಹೋಗ್ತಾ ಉಂಟು. ಯಾರಿಗೂ ಹೇಳಿರಲಿಲ್ಲ."

ಅವಳು ಶೂ ಬಿಟ್ಟು ನನ್ನ ಪಕ್ಕ ಬಂದು ಕೂತಳು. "ಯಾವಾಗಿನಿಂದ?"

ಹೇಳಿದೆ.