ಬಾಣಂತನ ಯಾರ ಕಡೆಯದು?

ಗೆಳೆಯರೇ, ನಮ್ಮ ಗಂಡುನಾಯಿ ರಾಜುವಿಗೆ ಸಂತಾನಹರಣ ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ಇವತ್ತು ಬೆಳಿಗ್ಗೆ ಮನೆಯಲ್ಲಿ ಜಗಳ. "ಒಂದ್ ಮರಿಯಾದ್ರೂ ಆಗ್ಲಿ ಕಣೋ, ಆಮೇಲೆ ಮಾಡ್ಸು" ಎಂದು ಅಮ್ಮ ಹಟ ಹಿಡಿದಿದ್ದರು.

ಅಷ್ಟರಲ್ಲಿ ಎದುರುಮನೆಯ ಸರೋಜಮ್ಮ ಬುಟ್ಟಿಯೊಂದನ್ನು ತಂದು ಜಗಲಿಯ ಮೇಲಿಟ್ಟರು. ಹಿಂದೆಯೇ ಅವರ ನಾಯಿ ಬೆಳ್ಳಿ ಬಂತು. ಬುಟ್ಟಿಯಲ್ಲಿ ನಾಲ್ಕು ಮರಿ, ನಾಲ್ಕಕ್ಕೂ ನಮ್ಮ ರಾಜುವಿನದೇ ಮಡಚಿದ ಎಡಗಿವಿ.

"ನಿಮ್ಮನೆ ಸೊಸೆ, ಮೊಮ್ಮಕ್ಳು. ನೋಡ್ಕೊಳ್ಳಿ" ಎಂದರು.

ನಾನೇನು ಬಿಡುತ್ತೇನೆಯೇ? "ಮೊದಲ ಬಾಣಂತನ ಹೆಣ್ಣಿನ ಕಡೆಯವರದಲ್ವೇನ್ರೀ?"

"ಮದುವೆ ಮಾಡ್ಕೊಂಡಿದ್ರೆ ಸರಿ ಕಣ್ರೀ. ನಿಮ್ಮೋನು ಕಾಂಪೌಂಡ್ ಹಾರ್ಬುಟ್ಟು ಬಂದೋನು!"

ಆಮೇಲೆ ಅಮ್ಮನೇ ಡಾಕ್ಟರಿಗೆ ಫೋನ್ ಮಾಡಿಸಿದರು. ಸೋಮವಾರ ಆಪರೇಷನ್.

ಮರಿ ಬೇಕಾದವರು ಬೇಗ ಹೇಳಿ. ಅಮ್ಮ ಆಗಲೇ ಮೂರಕ್ಕೆ ಹೆಸರಿಟ್ಟಿದ್ದಾರೆ. ಹೆಸರಿಟ್ಟದ್ದನ್ನು ಕೊಡುವ ಪೈಕಿ ಅವರಲ್ಲ.